ತಟ್ಟೆಯ ಮೇಲಿನ ದ್ವೀಪ

ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ನೀವೆಲ್ಲ ಬಂದು ಮೆಚ್ಚಿದ, ಕನ್ನಡ ಸಂಘದ ಮೊದಲ ಬಹುಮಾನ ಪಡೆದ ಆ ದಸರಾ ಗೊಂಬೆಯ ಕಲ್ಪನೆ ನನ್ನದಲ್ಲ. ನನ್ನದು ಎಂದು ಸುಳ್ಳು ಹೇಳಿದ್ದೆ. ಅದು ನನ್ನಕ್ಕ ಸಿರಿಯದು.

ಆಗ ನಾನು ಹೈಸ್ಕೂಲು. ಅಕ್ಕ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಯುರೋಪಿನ ರಾಜರು ಯುದ್ಧ ಮುಗಿದಾಗಲೆಲ್ಲ ಶಾಂತಿ ಒಪ್ಪಂದದ ಹೆಸರಿನಲ್ಲಿ ಕೆರಿಬಿಯನ್ ದ್ವೀಪಗಳನ್ನು ಹಂಚಿಕೊಂಡ ಕಥೆ ಅವಳ ತಲೆ ತುಂಬ. ಅಮ್ಮನ ನೀಲಿ ಸೀರೆ ಹಾಸಿ ಕಡಲು ಮಾಡಿದಳು. ಪಟ್ಟದ ಗೊಂಬೆ ಮುಟ್ಟಲು ಅಮ್ಮ ಬಿಡಲಿಲ್ಲ. ಹಾಗಾಗಿ ಎರಡು ಚನ್ನಪಟ್ಟಣದ ಗೊಂಬೆಗಳಿಗೆ ಹೂಬತ್ತಿಯ ಹತ್ತಿಯ ವಿಗ್ ಅಂಟಿಸಿದಳು—ಒಬ್ಬ ಇಂಗ್ಲೆಂಡಿನ ರಾಜ, ಇನ್ನೊಬ್ಬ ಫ್ರಾನ್ಸಿನವನು. ನಡುವೆ ಒಂದು ಸ್ಟೀಲ್ ತಟ್ಟೆ, ಅದೇ ಸೇಂಟ್ ಲೂಸಿಯಾ ದ್ವೀಪ. ಯುದ್ಧದಲ್ಲಿ ಇಂಗ್ಲೆಂಡ್ ಕಿತ್ತುಕೊಂಡರೆ ತಟ್ಟೆ ಈಚೆಗೆ, ಒಪ್ಪಂದದಲ್ಲಿ ಫ್ರಾನ್ಸಿಗೆ ಮರಳಿದರೆ ಆಚೆಗೆ, ಮತ್ತೆ ಈಚೆಗೆ... ತಟ್ಟೆಯ ಮೇಲೆ, ಗುಲಾಮರಾಗಿ ಕಬ್ಬು ಕಡಿಯುತ್ತಿದ್ದವರ ಪುಟ್ಟ ಮಣ್ಣಿನ ಗೊಂಬೆಗಳು. ಅಕ್ಕನೇ ಮಾಡಿದ್ದು. ಅವುಗಳ ಮುಖ ರಾಜರ ಕಡೆಗಲ್ಲ, ನೋಡುವವರ ಕಡೆಗೆ.

ನನ್ನ ಕೆಲಸ ರಾಜರಿಗೆ ದನಿ ಕೊಡುವುದಷ್ಟೇ. ಕೊಟ್ಟೆ ನೋಡಿ! ಫ್ರಾನ್ಸಿನ ರಾಜನಿಗೆ, ಮಾನ್ಮತ್ ಜಂಕ್ಷನ್ನಿನಲ್ಲಿ ಟೌನ್‌ಹೌಸಿಗೆ ಚೌಕಾಸಿ ಮಾಡುವ ವಾಸು ಅಂಕಲ್ ದನಿ: "ಕೆನಡಾ ನೀವೇ ಇಟ್ಕೊಳ್ಳಿ ಸಾರ್, ಅಲ್ಲಿ ಸ್ನೋ ಎತ್ತೋರ್ಯಾರು? ನಮ್ಮ ಸಕ್ಕರೆ ದ್ವೀಪ ಗ್ವಾಡಲೂಪ್ ವಾಪಸ್ ಕೊಟ್ಬಿಡಿ." ಎಲ್ಲರಿಗಿಂತ ಜೋರಾಗಿ ನಕ್ಕವರು ವಾಸು ಅಂಕಲ್ಲೇ. ಆ ನಗು ನನ್ನ ನೆತ್ತಿಗೇರಿತು.

ತೀರ್ಪುಗಾರರಾಗಿ ಬಂದಿದ್ದ ಸುಧಾ ಆಂಟಿ ತಟ್ಟೆಯತ್ತ ಬಗ್ಗಿ, ಇವರೆಲ್ಲ ಏನಂತಾರೆ ಎಂದು ಕೇಳಿದರು. ಆ ಒಂದು ಉತ್ತರಕ್ಕಾಗಿ ಅಕ್ಕ ಇಡೀ ಗೊಂಬೆ ಕೂರಿಸಿದ್ದಳು. ಅವಳು ಯೋಚಿಸಿ ಮಾತಾಡುವವಳು. ನಾನು ಮಾತಾಡಿದ ಮೇಲೂ ಯೋಚಿಸದವನು. ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ—

"ಅವರಿಗೇನು ಆಂಟಿ, ವೀಸಾ ಸ್ಟ್ಯಾಂಪ್ ಆದ್ರೆ ಸಾಕು."

ಮನೆಯೆಲ್ಲ ನಗು.

"ಐಡಿಯಾ ಯಾರ್ದೋ ಪುಟ್ಟ?"

"ನಂದೇ ಆಂಟಿ."

ಅಕ್ಕ ನನ್ನನ್ನು ನೋಡಿದಳು. ದಸರೆ ಮುಗಿದ ಮೇಲೆ, ಗೊಂಬೆಗಳನ್ನು ಹಳೆ ಬಟ್ಟೆಯಲ್ಲಿ ಸುತ್ತಿಡುವಾಗ ಮೆಲ್ಲಗೆ ಅಂದಳು: "ಅವರನ್ನ ಯಾರೂ ಕೇಳಲಿಲ್ಲ ಕಣೋ. ನಾನು ಹೇಳ್ಬೇಕಂತಿದ್ದದ್ದು ಅಷ್ಟೇ."

ಅವಳನ್ನೂ ಯಾರೂ ಕೇಳಿರಲಿಲ್ಲ—ನಾನಂತೂ... ಹತ್ತಿಯ ವಿಗ್ ಇಲ್ಲದ ಮೂರನೆಯ ರಾಜ ನಾನು.

ಇಂದು ಅಕ್ಕ ಅದೇ ಒಪ್ಪಂದಗಳ ಇತಿಹಾಸವನ್ನು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಒಬ್ಬ ಹುಡುಗಿಯ ಪ್ರಶ್ನೆಗೆ ಅವಳು ಉತ್ತರ ಹುಡುಕುತ್ತ ನಿಂತಾಗ ಇಡೀ ತರಗತಿ ಕಾಯಿತು. ಒಬ್ಬರೂ ಮಿಸುಕಲಿಲ್ಲ. ಇವಳು ನನ್ನಕ್ಕ ಎಂದು ಪಕ್ಕದವನಿಗೆ ಹೇಳಿಯೇಬಿಟ್ಟೆ. ಅವನು ಸುಮ್ಮನಿರು ಎಂದು ಸನ್ನೆ ಮಾಡಿದ. ಬೈಸಿಕೊಂಡು ಇಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು. ನಿಮ್ಮೆಲ್ಲರ ದನಿಯ ಅನುಕರಣೆ ನನಗೆ ಬರುತ್ತದೆ. ಅಕ್ಕನ ಆ ಮೌನ ಬರುವುದಿಲ್ಲ.

ಈ ದಸರೆಗೆ "ನಿನ್ನ ದ್ವೀಪದ ಗೊಂಬೆ" ವೇದಿಕೆಗೆ ಬೇಕೆಂದು ಸಂಘದವರು ಫೋನ್ ಮಾಡಿದರು. ನನ್ನದಲ್ಲ ಎಂದೆ, ಅಕ್ಕನನ್ನು ಕೇಳಿ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದಳು. ಮಾತು ಅವಳದು. ನಾನು ತಟ್ಟೆ ಹಿಡಿದು ನಿಲ್ಲುತ್ತೇನೆ—ಅವಳು ಎಷ್ಟು ಹೊತ್ತು ತೆಗೆದುಕೊಂಡರೂ, ಬಾಯಿ ಮುಚ್ಚಿಕೊಂಡು.