ಅಮೆರಿಕದ ಐವರು ಮತ್ತು ನಮ್ಮ ಬ್ಯಾಂಡ್ ಮೇಷ್ಟ್ರು

ನಮ್ಮ ಬ್ಯಾಂಡ್ ಮೇಷ್ಟ್ರ ಮೇಲ್ದುಟಿಯ ನಡುವೆ ಒಂದು ದುಂಡು ಗುರುತಿತ್ತು. ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದಿ ಊದಿ ಬಿದ್ದ ಅಚ್ಚು. ನಕ್ಕಾಗ ಅಗಲವಾಗುತ್ತಿತ್ತು, ಸಿಟ್ಟು ಬಂದಾಗ ಬೆಳ್ಳಗಾಗುತ್ತಿತ್ತು. ಮಧುಗಿರಿಯಲ್ಲಿ ನಮ್ಮ ಮನೆಯ ಎದುರೇ ಅವರ ಮನೆ. ಸಂಜೆ ಅವರ ಅಭ್ಯಾಸ ಶುರುವಾಯಿತೆಂದರೆ ನನ್ನ ಓದು ಮುಗಿದಂತೆಯೇ.

ಅವರಿಗೆ ಅಮೆರಿಕದ ಒಂದು ಹಾರ್ಡ್ ರಾಕ್ ತಂಡದ ಹುಚ್ಚು. ತುಮಕೂರಿನಿಂದ ತಂದ ಹಳೆಯ ಕ್ಯಾಸೆಟ್ಟಿನಲ್ಲಿ ಕೇಳಿ, ಒಂದು ಹಾಡನ್ನು ಟ್ರಂಪೆಟ್ಟಿಗೆ ಇಳಿಸಿಕೊಂಡಿದ್ದರು. ತಂಡದ ಕಥೆಯನ್ನು ಮಾತ್ರ ನಾನು ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳಬೇಕಿತ್ತು. ಐವರು ಹುಡುಗರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಶುರುಮಾಡಿದ್ದು, ಮೊದಲ ಆಲ್ಬಮ್ಮನ್ನು ಯಾರೂ ಮೂಸಿಯೂ ನೋಡದಿದ್ದದ್ದು, ಮೂರನೆಯದಕ್ಕೆ ಕ್ರೀಡಾಂಗಣಗಳೇ ತುಂಬಿದ್ದು. ಆಮೇಲೆ ಗಾಯಕನಿಗೂ ಗಿಟಾರಿನವನಿಗೂ ಮಾತು ನಿಂತು, ತಂಡಕ್ಕೆ ಬೇರೆ ಗಾಯಕ ಬಂದ.

"ಹೊಸಬನ್ನ ತಂದವ್ರಾ? ಮನೆ ಒಡೀತು ಬುಡು," ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು, ಅಮೆರಿಕ ನಮ್ಮ ಪಕ್ಕದೂರು ಪುರವರದ ಆಚೆಗೇ ಇದ್ದಂತೆ.

ಅವರ ಬ್ಯಾಂಡೂ ಒಡೆದಿತ್ತು. ಡ್ರಮ್ ಬಾರಿಸುತ್ತಿದ್ದವನು ಪುರವರದ ಅವರ ಭಾವಮೈದ. ಮೆರವಣಿಗೆಯಲ್ಲಿ ಟ್ರಂಪೆಟ್ ಮುಂದೋ ಡ್ರಮ್ ಮುಂದೋ ಎಂದು ಯಾರದೋ ಮದುವೆಯ ನಡುಬೀದಿಯಲ್ಲಿ ಜಗಳವಾಡಿ, ಅವನು ಡ್ರಮ್ ಹೊತ್ತು ಬಸ್ ಹತ್ತಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಮೇಲೆ ಬಂದ ಡ್ರಮ್ಮಿನವನ ಪೆಟ್ಟೋ, ಸಾಲಗಾರ ಬಾಗಿಲು ಬಡಿದ ಹಾಗೆ.

ನನ್ನ ಮದುವೆ ಗೊತ್ತಾದಾಗ, ನನ್ನ ಮೆರವಣಿಗೆಗೆ ಇಬ್ಬರೂ ಬೇಕೆಂದು ಹಟ ಹಿಡಿದೆ.

"ಆ ಅಮೆರಿಕದೋರು ಒಂದಾಗ್ಲಿ, ನಾನೂ ಒಂದಾಯ್ತೀನಿ ಕಣಮ್ಮ," ಎಂದರು ಮೇಷ್ಟ್ರು. ಅದು ಆಗುವ ಮಾತಲ್ಲ ಎಂಬ ಧೈರ್ಯ.

ಮದುವೆ ಹತ್ತಿರ ಬಂದಾಗ ಅದೂ ಆಗಿಯೇಹೋಯಿತು. ಓಡಿಹೋಗಿ ವಿಡಿಯೋ ತೋರಿಸಿದೆ. ತಲೆ ನರೆತ ಹಳೆಯ ಗಾಯಕನೂ ಹೊಟ್ಟೆ ಬಂದ ಗಿಟಾರಿನವನೂ ಒಂದೇ ಮೈಕಿಗೆ ಬಾಯಿಟ್ಟು ಹಾಡುತ್ತಿದ್ದರು. ಮೇಷ್ಟ್ರು ಮತ್ತೆ ಮತ್ತೆ ನೋಡಿದರು. "ಥೂ, ಮಾನಗೆಟ್ಟವು," ಎಂದು ಕಣ್ಣೊರೆಸಿಕೊಂಡು, ಟ್ರಂಪೆಟ್ ಬಗಲಿಗೇರಿಸಿ ಪುರವರದ ಬಸ್ಸಿಗೆ ಹೊರಟರು. ನಾನು ಬಿಡುತ್ತೇನೆಯೇ? ಜೊತೆಗೇ ಹೋದೆ.

ಭಾವಮೈದನ ಅಂಗಳದಲ್ಲಿ ನಿಂತು ಮೇಷ್ಟ್ರು ಆ ಹಾಡನ್ನೇ ಊದಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಡ್ರಮ್ ಜೊತೆಗೂಡಿತು. ಮೇಷ್ಟ್ರಿಗೆ ನಗು ಉಕ್ಕಿ ಸ್ವರ ಹಾದಿ ತಪ್ಪಿತು.

"ಈಗ ಬಂದ್ಯಾ ಬಾವ? ಕಾಪಿ ಕುಡುದ್ಬುಟ್ಟು ಊದು ಬಾ," ಎಂದ ಭಾವಮೈದ ಬಾಗಿಲಿಗೆ ಬಂದು.

ಮೆರವಣಿಗೆಯ ಸಂಜೆ ಹೊಸ ರಗಳೆ.

"ಮುಂದೆ ನೀನೇ ನಡೀಲಾ," ಎಂದರು ಮೇಷ್ಟ್ರು.

"ಅದೆಂಗಾಯ್ತದೆ ಬಾವ, ದೊಡ್ಡೋನು ನೀನು ನಡಿ."

ಇಬ್ಬರೂ ಜಗ್ಗಲಿಲ್ಲ. ಮೆರವಣಿಗೆ ಬಸ್ ನಿಲ್ದಾಣದ ಎದುರೇ ನಿಂತುಬಿಟ್ಟಿತು. ಹಿಂದೆ ತುಮಕೂರಿನ ಬಸ್ಸು ಹಾರ್ನ್ ಹೊಡೆಯತೊಡಗಿತು. ಕಾರಿನಲ್ಲಿ ತಲೆ ತಗ್ಗಿಸಿ ಕೂತಿದ್ದ ನಾನು ಸೆರಗು ಸಿಕ್ಕಿಸಿಕೊಂಡು ಇಳಿದೆ.

"ಇಬ್ರೂ ನನ್ನ ಹಿಂದೆ ಬನ್ನಿ!"

ಅತ್ತೆ ಹೌಹಾರಿದರು. ಗಂಡ ನಗುತ್ತಾ ಇಳಿದು ಬಂದ. ಬೆನ್ನ ಹಿಂದೆ ಅಮೆರಿಕದ ಹಾಡು ಎದ್ದಿತು, ನಾನು ಮಧುಗಿರಿಯ ಬೀದಿಯಲ್ಲಿ ಕುಣಿಯುತ್ತಾ ನಡೆದೆ.

ಮೇಷ್ಟ್ರು ಕಳೆದ ವರ್ಷ ತೀರಿಕೊಂಡರು. ಅಪ್ಪನ ಹಿಂದೆ, ಅಣ್ಣನ ಹಿಂದೆ ನಡೆದು ಬೆಳೆದವಳು ನಾನು. ಮುಂದೆ ನಡೆಯುವುದು ಎಂಥ ಸುಖ ಎಂದು ಗೊತ್ತಾದದ್ದು ಆ ಸಂಜೆ, ಅವರು ಊದುತ್ತಿದ್ದಾಗ. ಆಮೇಲೆ ನಾನು ಹಿಂದಕ್ಕೆ ಸರಿಯಲಿಲ್ಲ.