ಮುಂದಿನ ಸೀಟಿನ ತಕರಾರು

ಹದಿನೆಂಟು ವರ್ಷ ತಪ್ಪದೆ ಬಂದ ತಕರಾರು ಆ ವರ್ಷ ಬರಲಿಲ್ಲ. ಸೀಟು ಮೇಸ್ತ್ರಿಗೆ ದಿಗಿಲು ಹತ್ತಿದ್ದು ಅದಕ್ಕೇ.

ಬಸ್ಸು, ಲಾರಿಗಳ ಸೀಟು ಹೊಲಿಯುವುದು ಮೇಸ್ತ್ರಿಯ ಕಸುಬು. ಮೂವತ್ತೈದು ವರ್ಷ ಊರವರ ಬೆನ್ನಿಗೂ ಸೊಂಟಕ್ಕೂ ಮೆತ್ತೆ ಒದಗಿಸಿ, ತಾವು ಮಾತ್ರ ಮರದ ಸ್ಟೂಲಿನ ಮೇಲೆ ಕೂತ ಮನುಷ್ಯ. ಅವರ ಒಂದೇ ಒಂದು ಶೋಕಿ ಎಂದರೆ ದೋಣಿ. ಸರೋವರದ ಪಕ್ಕದ ಹೋಟೆಲು ಮುಚ್ಚಿದಾಗ ಅದರ ಹಿತ್ತಲಲ್ಲಿ ಬೋರಲು ಬಿದ್ದಿದ್ದ ಹನ್ನೆರಡು ಅಡಿಯ ಫೈಬರ್ ದೋಣಿಯನ್ನು ತಂದು, ಹಿಂದೆ ಒಂದು ಪುಟ್ಟ ಇಂಜಿನ್ ಕೂರಿಸಿದ್ದರು. ಮೀನು ಹಿಡಿಯಲಿಕ್ಕಲ್ಲ, ಸಾಮಾನು ಸಾಗಿಸಲಿಕ್ಕೂ ಅಲ್ಲ. ರಜೆಯ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಆಚೆ ದಡದವರೆಗೆ ಹೋಗಿ ಬರಲಿಕ್ಕೆ, ಅಷ್ಟೇ.

ಗಾಳಿಯ ತಿಂಗಳು ಶುರುವಾಗುವ ಮೊದಲು ಅಲ್ಲಿ ಎಲ್ಲರೂ ದೋಣಿಗಳನ್ನು ದಡಕ್ಕೆ ಎಳೆದುಬಿಡುತ್ತಾರೆ. ಕೊನೆಯ ಸವಾರಿ ಮುಗಿಸಿ ಕಟ್ಟೆಗೆ ಕಾಲಿಡುತ್ತಲೇ ಮೇಸ್ತ್ರಿಯ ಹೆಂಡತಿ ಹಿಂತಿರುಗಿ ಒಂದು ತಕರಾರು ಹೇಳುತ್ತಿದ್ದರು. ವರ್ಷಕ್ಕೆ ಒಂದೇ, ಆದರೆ ಖಡಾಖಂಡಿತ. ಮುಂದಿನ ನಾಲ್ಕು ತಿಂಗಳು ಮನೆಯ ಹಿಂದಿನ ಶೆಡ್ಡಿನಲ್ಲಿ ಮೇಸ್ತ್ರಿ ಅದನ್ನು ಸರಿಪಡಿಸುತ್ತಿದ್ದರು. ತಕರಾರನ್ನು ಅಲ್ಲೇ, ಆಗಲೇ, ಸೀಟಿನ ಕೆಳಗಿನ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಕಪ್ಪು ಪೆನ್ನಿನಿಂದ ಬರೆದುಕೊಳ್ಳುವುದು ರೂಢಿ.

ಮೊದಲ ಸಾಲು: ‘ಹಲಗೆ ಒತ್ತುತ್ತೆ.’ ಊರಿಗೆಲ್ಲ ಮೆತ್ತೆ ಹೊಲಿಯುವವನು ಕಟ್ಟಿಕೊಂಡವಳನ್ನು ಬರೀ ಹಲಗೆಯ ಮೇಲೆ ಕೂರಿಸಿದ್ದು ನಾಚಿಕೆಗೇಡೇ ಸರಿ. ಎರಡನೆಯ ವರ್ಷ, ‘ಬಿಸಿಲು.’ ಆಗ ಮೇಸ್ತ್ರಿ ಹುರುಪಿನಿಂದ ಪೈಪು ಬಗ್ಗಿಸಿ, ಟಾರ್ಪಾಲಿನ್ ಹೊಲಿದು, ಶೆಡ್ಡಿನೊಳಗೇ ಚಾವಣಿ ಕಟ್ಟಿ ಮುಗಿಸಿದರು. ಮುಗಿಸಿದ ಮೇಲೆ ನೋಡಿದರೆ ದೋಣಿ ಬಾಗಿಲಿನಿಂದ ಈಚೆ ಬರುವುದಿಲ್ಲ. ಟೇಪು ಹಿಡಿದು ಅಳತೆ ಮಾಡುವುದನ್ನೇ ಜೀವನ ಮಾಡಿಕೊಂಡವರ ಎಡವಟ್ಟು ಇದು. ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಂತೆ ಮೇಸ್ತ್ರಿ ಬಾಗಿಲಿನ ಚೌಕಟ್ಟನ್ನೇ ಕಿತ್ತರು. ಅದನ್ನು ಮತ್ತೆ ಕೂರಿಸುವ ಕೆಲಸ ಇವತ್ತಿಗೂ ಬಾಕಿ.

ಐದನೆಯ ಸಾಲು, ‘ಚಪ್ಪಲಿಗೆ ಜಾಗ ಇಲ್ಲ.’ ಆ ವರ್ಷ ಮಗಳು ಆರನೇ ತರಗತಿ. ಅವಳ ಹೊಸ ಚಪ್ಪಲಿಯಲ್ಲಿ ಒಂದು ನೀರಿಗೆ ಬಿದ್ದು, ಅದರ ಹಿಂದೆ ಮೂರು ಸುತ್ತು ಹೊಡೆದರೂ ಅದು ಕೈಗೆ ಸಿಕ್ಕಿರಲಿಲ್ಲ. ಮೇಸ್ತ್ರಿ ಸೀಟಿನ ಪಕ್ಕಕ್ಕೆ ಬಲೆಯ ಚೀಲವೊಂದನ್ನು ಹೊಲಿದರು. ಈಗ ಮಗಳ ಮಗಳು ಬಂದಾಗ ಅವಳ ಚಪ್ಪಲಿಯೂ ಅದೇ ಚೀಲದಲ್ಲಿ ಕೂರುತ್ತದೆ. ಆ ದಿನಗಳನ್ನು ನೆನೆದರೆ ಮೇಸ್ತ್ರಿಗೆ ಎದೆ ತುಂಬಿ ಬರುತ್ತಿತ್ತು. ನೀರಿನ ಮೇಲೆ ಕಳೆದ ಸಂಜೆಗಳಿಗಿಂತ ಶೆಡ್ಡಿನ ಮಧ್ಯಾಹ್ನಗಳೇ ಹೆಚ್ಚು ನೆನಪಾಗುತ್ತಿದ್ದವು. ರೆಕ್ಸಿನ್ನಿನ ವಾಸನೆ, ಗಮ್ಮಿನ ಡಬ್ಬ, ಹೆಂಡತಿ ಚಹಾ ತಂದಿಟ್ಟು ‘ಇದೇನ್ರೀ ಸೊಟ್ಟಗಿದೆ’ ಎಂದು ಮೂಗು ಮುರಿಯುವುದು.

ಹತ್ತೊಂಬತ್ತನೆಯ ವರ್ಷ ಆಕೆ ಕಟ್ಟೆ ಹತ್ತಿದವರು ಹಿಂತಿರುಗಲೇ ಇಲ್ಲ. ಮೇಸ್ತ್ರಿ ಪೆನ್ನಿನ ಮುಚ್ಚಳ ತೆಗೆದು ಕಾದರು.

“ಹೇಳೇ, ಈ ಸಲ ಏನು?”

“ಏನಿಲ್ಲ ರೀ. ಎಲ್ಲ ಚೆನ್ನಾಗಿದೆ.”

ಮೇಸ್ತ್ರಿಗೆ ಅನ್ನ ಸೇರಲಿಲ್ಲ. ಬೇರೆ ಗಂಡಸಾಗಿದ್ದರೆ ಬದುಕಿದೆಯಾ ಬಡಜೀವವೇ ಎಂದು ಕಾಲು ಚಾಚಿ ಮಲಗುತ್ತಿದ್ದ. ಮೇಸ್ತ್ರಿಯ ಲೆಕ್ಕಾಚಾರ ಬೇರೆ. ತಕರಾರಿಲ್ಲ ಎಂದರೆ ಆಕೆಗೆ ದೋಣಿ ಸಾಕಾಗಿದೆ, ಮುಂದಿನ ವರ್ಷ ಹತ್ತುವ ಮನಸ್ಸಿಲ್ಲ. ಆಕೆ ಹತ್ತದಿದ್ದರೆ ಆ ದೋಣಿ ಯಾಕೆ? ಒಬ್ಬರೇ ಆಚೆ ದಡಕ್ಕೆ ಹೋಗಿ ಮಾಡುವುದಾದರೂ ಏನು?

ಹೇಳದಿದ್ದರೆ ಊಹಿಸಿಯೇ ತೀರುತ್ತೇನೆ ಎಂದು ಹಟಕ್ಕೆ ಬಿದ್ದರು. ಮಂಜು ಕವಿದ ಸಂಜೆಗಳಿಗೆಂದು ಎರಡು ಪುಟ್ಟ ದೀಪ ಹಾಕಿದರು. ಚೆನ್ನಾಗಿದೆ ಎಂದರು ಆಕೆ. ಚಹಾದ ಲೋಟ ಉರುಳದಂತೆ ಪ್ಲೈವುಡ್ಡಿನಲ್ಲಿ ತೂತು ಕೊರೆದು ಸ್ಟ್ಯಾಂಡು ಮಾಡಿದರು. ಅದೂ ಚೆನ್ನಾಗಿತ್ತು. ಮೆಟ್ಟಿಲು ಹತ್ತುವಾಗ ಆಕೆ ಮಂಡಿ ಹಿಡಿದುಕೊಂಡಿದ್ದನ್ನು ಕಂಡು, ಸಿಕ್ಕಿತು ಗುಟ್ಟು ಎಂದುಕೊಂಡು, ದೋಣಿಯ ಅಂಚಿಗೆ ಕಂಬಿಯನ್ನೂ ಕಾಲಿಡಲು ಮೆಟ್ಟಿಲನ್ನೂ ಜೋಡಿಸಿದರು. ಆಕೆ ಒಂದು ಸಲ ಹತ್ತಿ ಇಳಿದು, ಅದೇ ಮಾತು ಹೇಳಿ ಒಳಗೆ ಹೋದರು. ಹದಿನೆಂಟು ವರ್ಷದಲ್ಲಿ ಒಂದೇ ಏಟಿಗೆ ಯಾವುದನ್ನೂ ಮೆಚ್ಚದವರು ಈಗ ಎಲ್ಲವನ್ನೂ ಮೆಚ್ಚತೊಡಗಿದ್ದು ಮೇಸ್ತ್ರಿಗೆ ನುಂಗಲಾರದ ತುತ್ತಾಯಿತು.

ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ, “ನಾಳೆ ನಿನ್ನ ಸೀಟಿನ ಕವರು ಬಿಚ್ಚಿ ಹೊಸದಾಗಿ ಹೊಲೀತೀನಿ” ಎಂದು ಸಾರಿದರು.

ಆಕೆ ತುತ್ತು ಹಿಡಿದ ಕೈಯನ್ನು ಅರೆಕ್ಷಣ ತಡೆದು, “ಹಳೇದೇ ಗಟ್ಟಿಯಾಗಿದೆಯಲ್ಲ” ಎಂದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಶೆಡ್ಡಿನಲ್ಲಿ ಸೂಜಿಗಳನ್ನಿಡುವ ಬಿಸ್ಕತ್ತಿನ ಡಬ್ಬ ತೆರೆದರು. ಒಳಗೆ ಹತ್ತಿಯ ಮೆತ್ತೆಗೆ ಹನ್ನೆರಡು ಬಾಗಿದ ಸೂಜಿಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಹನ್ನೆರಡಕ್ಕೂ ನೀಲಿ ದಾರ ಪೋಣಿಸಿತ್ತು, ಮೊಳದುದ್ದ ಬಿಟ್ಟು, ತುದಿಗೆ ಗಂಟು ಹಾಕಿ. ಆಕೆಯ ಸೀಟಿನ ರೆಕ್ಸಿನ್ ನೀಲಿ.

ಮೇಸ್ತ್ರಿ ಅಲ್ಲಿದ್ದ ಮರದ ದಿಮ್ಮಿಯ ಮೇಲೆ ಕೂತು ಒಂದೊಂದೇ ಗಂಟನ್ನು ಮುಟ್ಟಿ ನೋಡಿದರು. ಎರಡು ವರ್ಷದಿಂದ ಅವರ ಬಲಗೈ ಬೆರಳು ನಡುಗುತ್ತಿತ್ತು. ಅಂಗಡಿಯಲ್ಲಿ ಮಿಷನ್ ಇತ್ತು, ಹೇಗೋ ಸಾಗುತ್ತಿತ್ತು. ಕೈಹೊಲಿಗೆಗೆ ಬಂದರೆ ದಾರ ಒಂದು ದಿಕ್ಕು, ಸೂಜಿಯ ಕಣ್ಣು ಇನ್ನೊಂದು ದಿಕ್ಕು. ಇದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಳದ ಮೇಲಿನ ಹದಿನೆಂಟನೆಯ ಸಾಲು ಸೊಟ್ಟಗೆ ಬಂದಿದ್ದಕ್ಕೆ ದೋಣಿ ಅಲುಗಾಡಿದ್ದೇ ಕಾರಣವೆಂದು ತಮಗೆ ತಾವೇ ಸಮಜಾಯಿಷಿ ಕೊಟ್ಟುಕೊಂಡಿದ್ದರು.

ಡಬ್ಬ ಹಿಡಿದುಕೊಂಡೇ ಅಡಿಗೆಮನೆಗೆ ಹೋದರು.

“ಯಾವಾಗಿಂದ ಗೊತ್ತು ನಿಂಗೆ?”

ಆಕೆ ಪಾತ್ರೆ ತೊಳೆಯುತ್ತಲೇ ಹೇಳಿದರು. “ಹೋದ ವರ್ಷ ಚಾವಣಿ ಅಂಚು ಹೊಲೀತಿದ್ರಲ್ಲ, ಆಗ. ಚಹಾ ತಂದಿದ್ದೆ. ಕಿಟಕೀಲಿ ನೋಡಿದೆ. ಒಂದು ಸೂಜಿಗೆ ದಾರ ಹಾಕೋಕೆ ಒದ್ದಾಡ್ತಾ ಇದ್ರಿ. ಚಹಾ ಆರೋವರೆಗೂ ಅಲ್ಲೇ ನಿಂತಿದ್ದೆ. ಒಳಗೆ ಬರೋಕೆ ಮನಸ್ಸಾಗಲಿಲ್ಲ.”

“ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡ್ಯಾ?”

“ನಾನು ಬಾಯಿ ಬಿಟ್ರೆ ನೀವು ಸೂಜಿ ಹಿಡೀತೀರಲ್ಲ.”

“ನಾನಿನ್ನೂ ಮೂಲೆ ಸೇರಿಲ್ಲ ಕಣೇ” ಎಂದರು ಮೇಸ್ತ್ರಿ. ಗಡುಸಾಗಿ ಹೇಳಹೊರಟ ಮಾತು ಅರ್ಧಕ್ಕೇ ಮೆತ್ತಗಾಯಿತು. “ನೀನು ದೋಣಿ ಹತ್ತಲ್ಲ ಅಂತ ಇಷ್ಟು ದಿನ ಜೀವ ಹಿಡಿ ಮಾಡ್ಕೊಂಡಿದ್ದೆ ನಾನು.”

ಆಕೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ತಿರುಗಿದರು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಹಳೆಯದೇ.

“ತಕರಾರು ಬೇಕು ತಾನೇ? ಬರ್ಕೊಳ್ಳಿ. ಹತ್ತೊಂಬತ್ತು ವರ್ಷದಿಂದ ಮುಂದಿನ ಸೀಟಲ್ಲಿ ನೀರು ನೋಡ್ತಾ ಕೂತಿದ್ದೀನಿ. ನೀವು ಹಿಂದೆ ಇಂಜಿನ್ ಹತ್ರ. ಏನಾದ್ರೂ ಹೇಳಬೇಕು ಅಂದ್ರೆ ಕತ್ತು ಉಳುಕಬೇಕು. ನನ್ನ ಸೀಟು ನಿಮ್ಮ ಕಡೆ ತಿರುಗಿಸಿ. ಅದಕ್ಕೆ ಸೂಜಿ ಬೇಡ.”

ಸೂಜಿ ಬೇಕಾಗಲಿಲ್ಲ. ನಾಲ್ಕು ಬೋಲ್ಟು ಬಿಚ್ಚಿ, ಸೀಟು ತಿರುಗಿಸಿ, ನಾಲ್ಕು ಬೋಲ್ಟು ಬಿಗಿದದ್ದು ಅಷ್ಟೇ. ಸ್ಪ್ಯಾನರು ಹಿಡಿದ ಕೈ ನಡುಗಿದರೂ ಬೋಲ್ಟಿಗೆ ಬೇಸರವಿರಲಿಲ್ಲ. ಹತ್ತೊಂಬತ್ತು ವರ್ಷದ ಕೆಲಸಗಳಲ್ಲೇ ಇದು ಅತಿ ಸಣ್ಣದು, ಅರ್ಧ ಗಂಟೆಯದು. ಇಷ್ಟು ಕಾಲ ತಮಗೇ ಯಾಕೆ ಹೊಳೆಯಲಿಲ್ಲ ಎಂದು ಮೇಸ್ತ್ರಿ ತಮ್ಮನ್ನೇ ಬೈದುಕೊಂಡರು.

ಗಾಳಿ ನಿಂತ ಮೇಲೆ ಮೊದಲ ಸವಾರಿ. ಆಕೆ ಕಂಬಿ ಹಿಡಿದು, ಮೆಟ್ಟಿಲಿಗೆ ಕಾಲಿಟ್ಟು ಹತ್ತಿ, ಮೇಸ್ತ್ರಿಗೆ ಎದುರಾಗಿ ಕೂತರು. ಮೇಸ್ತ್ರಿಗೆ ಕಣ್ಣು ಎಲ್ಲಿಡಬೇಕೋ ತಿಳಿಯದೆ ಹೊಸ ಮದುಮಗನ ಪಾಡಾಯಿತು. “ನನ್ನಲ್ಲ, ದಾರಿ ನೋಡಿ ಓಡಿಸಿ” ಎಂದು ಆಕೆ ಗದರಿದರು. ಆಚೆ ದಡ ಮುಟ್ಟಿ ತಿರುಗುವಾಗ ಇಳಿಬಿಸಿಲು ಮೇಸ್ತ್ರಿಯ ಬೆನ್ನ ಹಿಂದಿನಿಂದ ಬಂದು ನೇರ ಆಕೆಯ ಮುಖಕ್ಕೆ ಹೊಡೆಯಿತು.

“ರೀ, ಇದೇನಿದು, ಕಣ್ಣೇ ಬಿಡೋಕಾಗ್ತಿಲ್ಲ. ನಿಮ್ಮ ಹಿಂದೆ ಒಂದು ಪರದೆ ಬೇಕು.”

“ಇನ್ನೂ ವರ್ಷ ಪೂರ್ತಿ ಇದೆಯಲ್ಲೇ.”

“ಇರಲಿ, ಈಗಲೇ ಬರ್ಕೊಳ್ಳಿ.”

ಮೇಸ್ತ್ರಿ ಇಂಜಿನ್ ನಿಲ್ಲಿಸಿ ಜೇಬಿನಿಂದ ಪೆನ್ನು ತೆಗೆದರು. ಬೆರಳು ನಡುಗುತ್ತಿತ್ತು. ಈ ಸಲ ಅವರು ಅದನ್ನು ಮುಚ್ಚಿಡಲಿಲ್ಲ. ಆಕೆ ಕೈ ಚಾಚಿ ಪೆನ್ನು ಇಸಿದುಕೊಂಡು, ಪೆಟ್ಟಿಗೆಯ ಮುಚ್ಚಳ ಎತ್ತಿ, ಗಂಡನ ಹದಿನೆಂಟು ಸಾಲುಗಳ ಕೆಳಗೆ ತಾವೇ ಬರೆದರು: ‘ಪರದೆ. ಹೊಲಿಯೋದು ಅವರು, ದಾರ ಪೋಣಿಸೋದು ನಾನು.’