ಇಲ್ಲದ ಮದುವೆಯ ಲಗ್ನಪತ್ರಿಕೆ

ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಗುಮಾಸ್ತನಾಗಿ ಕೂರಬಾರದು ಎಂಬುದೊಂದೇ ಸುಂದರ ಕಮತಗಿಯ ಹಟ. ಆಸ್ತಿ ಬೇಡ, ಹೆಸರು ಬೇಡ, ಇದೊಂದು ಉಳಿದರೆ ಸಾಕು ಎಂದು ಅವನು ಪುಣೆಯಲ್ಲಿ ಹದಿನೆಂಟು ವರ್ಷ ಬಾಳಿದ. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಎಂದು ಹೇಳುವುದು ಸುಲಭ. ಗುಡಿಸಲಿಗೂ ಬಾಡಿಗೆ ಕೊಡಬೇಕಾದ ಊರಿನಲ್ಲಿ ಅದನ್ನು ನಡೆಸುವುದು ಬೇರೆ ಮಾತು.

ಸವದತ್ತಿ ಕಡೆಯಿಂದ ತೊಂಬತ್ತೊಂದರಲ್ಲಿ ಬಂದವನು ನಾರಾಯಣ ಪೇಠೆಯ ಗೂಳಪ್ಪನವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ನಿಂತ. ಪುಣೆಯಲ್ಲಿದ್ದ ನಮ್ಮ ಕಡೆಯವರ ಮನೆಯಲ್ಲಿ ಮದುವೆ ಗೊತ್ತಾದರೆ ಕನ್ನಡದ ಲಗ್ನಪತ್ರಿಕೆಗೆ ಅಲ್ಲಿಗೇ ಬರುತ್ತಿದ್ದರು. ಗೂಳಪ್ಪನವರು ಬಾಯಿಬಡುಕರು, ಆದರೆ ಕಸುಬಿನಲ್ಲಿ ಗಟ್ಟಿ ಕುಳ. ಪತ್ರಿಕೆಯ ಮೇಲೆ ಯಾರ ಹೆಸರನ್ನೂ ಬಿಡಬೇಡ, ಒಬ್ಬ ಕಾಕಾನನ್ನು ಬಿಟ್ಟರೆ ಊಟದ ಪಂಕ್ತಿಯಲ್ಲಿ ಜಗಳ ಬೀಳುತ್ತದೆ ಎಂಬುದು ಅವರ ಮೊದಲ ಪಾಠ. ಎರಡನೆಯದನ್ನು ಅವರು ಬೈದು ಕಲಿಸಿದರು. ಸುಂದರ ಕೈ ಪಳಗಿಸಲೆಂದು ಯಾವುದೋ ಸುಳ್ಳು ವರನ, ಸುಳ್ಳು ವಧುವಿನ ಹೆಸರು ಕಟ್ಟಿ ಮೊಳೆ ಜೋಡಿಸುತ್ತಿದ್ದ. ಗೂಳಪ್ಪನವರು ನೋಡಿದವರೇ ಅಷ್ಟನ್ನೂ ಕೈಯಿಂದ ಕೆಡವಿದರು.

"ಇಲ್ಲದ ಲಗ್ನ ಕಟ್ಟಬಾರದಪಾ. ಇಲ್ಲಿ ನೀ ಸುಳ್ಳ ಲಗ್ನ ಕಟ್ಟಿದ್ರ ಅಲ್ಲಿ ಯಾರದೋ ಖರೇ ಲಗ್ನ ಮುರೀತದ," ಎಂದರು.

ಇದು ಮೂಢನಂಬಿಕೆ ಎನ್ನುವವರು ಅನ್ನಲಿ. ಅಮಾವಾಸ್ಯೆಗೆ ಕಾರು ಕೊಳ್ಳದ ಇಂಜಿನಿಯರುಗಳು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ, ಸುಂದರನೊಬ್ಬನನ್ನು ನೋಡಿ ನಕ್ಕು ಏನು ಪ್ರಯೋಜನ.

ಮೊಳೆ ಹೋಗಿ ಕಂಪ್ಯೂಟರ್ ಬಂತು. ಸುಂದರ ಅದನ್ನೂ ಕಲಿತ. ಎರಡು ಸಾವಿರದ ಮೂರರಲ್ಲಿ ಗೂಳಪ್ಪನವರು ತೀರಿಕೊಂಡರು, ಮಕ್ಕಳು ಪ್ರೆಸ್ಸು ಮುಚ್ಚಿದರು. ಆಗಲೇ ಹೆಂಡತಿ ರೇಣುವಿನ ಅಣ್ಣ ಶಿವಪುತ್ರಪ್ಪ ಬಂದದ್ದು. ಮಾರ್ಕೆಟ್ ಯಾರ್ಡಿನಲ್ಲಿ ಅವರದು ಮೆಣಸಿನಕಾಯಿಯ ಅಡತಿ ಅಂಗಡಿ, ಕಮಿಷನ್ ವ್ಯಾಪಾರ. ಸಜ್ಜನ. ಅವರ ಸಜ್ಜನಿಕೆಯೇ ಸುಂದರನಿಗೆ ತಡೆಯಲಾಗದ್ದು.

"ಸುಂದರಪ್ಪಾರ, ನಮ್ಮ ಅಂಗಡಿ ಗಾದಿ ಮ್ಯಾಲ ಬಂದ ಕುಂಡ್ರಿ. ನಮ್ಮ ಮನಷ್ಯಾ ಅಂತ ಒಬ್ಬರು ನನಗೂ ಬೇಕಾಗೇದ."

"ನೋಡ್ತೇನ್ರಿ ಅಣ್ಣಾರ," ಎಂದ ಸುಂದರ. ಅವನು ನೋಡಲಿಲ್ಲ. ಧನಕವಡಿಯ ತನ್ನ ಎರಡು ಖೋಲಿಯ ಮನೆಯಲ್ಲೇ ಒಂದು ಮೂಲೆಗೆ ಕಂಪ್ಯೂಟರ್ ಇಟ್ಟು, ಅಲ್ಲಿ ಪತ್ರಿಕೆ ಸಿದ್ಧಮಾಡಿ, ಅಚ್ಚನ್ನು ಹೊರಗೆ ಹಾಕಿಸತೊಡಗಿದ. ಫೋನಿನಲ್ಲಿ ಆರ್ಡರ್ ಬರುತ್ತಿತ್ತು, ಫೋನಿನಲ್ಲೇ ಜಗಳವೂ ಬರುತ್ತಿತ್ತು. ಹೇಳುವಾಗ ಸೋದರಮಾವನನ್ನು ಮರೆಯುವವರು ಗಿರಾಕಿಗಳು, ಅಚ್ಚಾದ ಮೇಲೆ ತಪ್ಪು ಇವನದು.

ಆಗ ಸಿಕ್ಕವನು ಸ್ವಪ್ನಿಲ್. ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮರಾಠಿ ಹುಡುಗ. ಎರಡು ಸಾವಿರದ ಆರರಲ್ಲಿ ಅವನೇ ಸುಂದರನಿಗೆ ವೆಬ್‌ಸೈಟ್ ಮಾಡಿಕೊಟ್ಟ. ಸೈಟ್ ಎನ್ನುವುದು ಬಾಡಿಗೆಗೆ ಹಿಡಿದ ಖಾಲಿ ಖೋಲಿಯ ಹಾಗೆ. ಒಂದೊಂದು ಕೆಲಸಕ್ಕೂ ಯಾರೋ ಎಲ್ಲೋ ಮಾಡಿಟ್ಟ ಒಂದೊಂದು ತುಣುಕನ್ನು ತಂದು ಸಿಕ್ಕಿಸಬೇಕು, ಅದಕ್ಕೆ ಪ್ಲಗಿನ್ ಎನ್ನುತ್ತಾರೆ. ಪತ್ರಿಕೆಗಳ ಫೋಟೋ ತೋರಿಸಲು ಒಂದು, ಬಂದವರನ್ನು ಎಣಿಸಲು ಒಂದು. ಗಿರಾಕಿ ತಾನೇ ಎಲ್ಲ ಹೆಸರು ಬರೆದು ಕಳಿಸುವ ಫಾರ್ಮಿಗೆ ಒಂದು. ಆ ಫಾರ್ಮಿನಲ್ಲಿ ಕನ್ನಡ ಅಕ್ಷರ ಮೂಡಿಸಲು ಇನ್ನೊಂದು. ಈ ಕೊನೆಯದನ್ನು ಯಾರೋ ಕನ್ನಡದ ಹುಡುಗ ಪುಕ್ಕಟೆ ಮಾಡಿಟ್ಟಿದ್ದ, ಆಮೇಲೆ ಅವನು ಅತ್ತ ತಲೆ ಹಾಕಲಿಲ್ಲ.

ಸುಂದರನಿಗೆ ಇದು ಹಿಡಿಸಿತು. ಗಿರಾಕಿ ಕೈಯಾರೆ ಬರೆದ ಮೇಲೆ ಮಾವನ ಹೆಸರು ಬಿಟ್ಟುಹೋಯಿತೆಂದು ಜಗಳ ಎಲ್ಲಿಂದ ಬರಬೇಕು? ಫೋನಿನ ಆರ್ಡರನ್ನೇ ನಿಲ್ಲಿಸಿದ. "ಸೈಟಿನ್ಯಾಗ ಬರ್ರಿ," ಎಂದು ಎಲ್ಲರಿಗೂ ಹೇಳಿದ. ಚಾಕಣದಿಂದ, ಭೋರ್‌ನಿಂದ, ಸೊಲ್ಲಾಪುರದಿಂದ ಆರ್ಡರ್ ಬಂದವು. ಎರಡು ಹಂಗಾಮು ಅವನು ಬೀದಿಯಲ್ಲಿ ಎದೆಯೆತ್ತಿ ನಡೆದದ್ದನ್ನು ಕಂಡವರಿದ್ದಾರೆ. ಆ ಹುಮ್ಮಸ್ಸಿನಲ್ಲೇ ಒಂದು ದಿನ ಶಿವಪುತ್ರಪ್ಪನಿಗೂ ಹೇಳಿಬಿಟ್ಟ.

"ಅಣ್ಣಾರ, ನಿಮ್ಮ ಮಗಳು ಶೈಲಾನ ಲಗ್ನದ ಕಾರ್ಡ ನಾನ ಮಾಡೋದು. ಆದ್ರ ಬೀಗರು ಅಂತ ಕನಿಕರ ಮಾಡಿ ಕೊಡಬ್ಯಾಡ್ರಿ. ಎಲ್ಲಾರಂಗ ಸೈಟಿನ್ಯಾಗ ಬರ್ರಿ."

ಶಿವಪುತ್ರಪ್ಪ ನಕ್ಕು, "ಆತ್ರಿ," ಎಂದರು.

ಸ್ವಪ್ನಿಲ್ ಹಿಂಜವಡಿಯ ಕಂಪನಿಯೊಂದಕ್ಕೆ ಸೇರಿಕೊಂಡ. ಹೋಗುವಾಗ ಅವನು ಕೊಟ್ಟ ತರಬೇತಿ ಇಷ್ಟೇ: "ಕಾಕಾ, ಫಕ್ತ ಬಟನ್ ದಾಬಾಯಚಂ." ಪರದೆಯಲ್ಲಿ ಕೆಂಪು ಗುರುತು ಕಂಡರೆ ಬಟನ್ ಒತ್ತಿದರಾಯಿತು, ಪ್ಲಗಿನ್ ತಾನೇ ಹೊಸದಾಗುತ್ತದೆ. ಸುಂದರ ಒತ್ತಿದ. ಯಾವುದನ್ನೂ ತೆಗೆಯಲಿಲ್ಲ, ಹೊಸದು ಕಂಡರೆ ಸೇರಿಸಿದ. ಗಡಿಯಾರ ಬಂತು, ಪಂಚಾಂಗ ಬಂತು, ದೀಪಾವಳಿಗೆ ಮಿಣಮಿಣ ಹಣತೆ ಬಂದು ಯುಗಾದಿಯವರೆಗೂ ಉರಿಯಿತು. ಹೆಸರು ಬಿಡಬಾರದೆಂದು ಕಲಿತ ಕೈ, ಪ್ಲಗಿನ್ನುಗಳನ್ನೂ ನೆಂಟರಂತೆಯೇ ಸಾಕಿತು.

ಎರಡು ಸಾವಿರದ ಎಂಟರ ಗಣಪತಿ ಮುಗಿದ ಮೇಲೆ ಫಾರ್ಮಿನ ಪ್ಲಗಿನ್ನಿಗೆ ಕೆಂಪು ಗುರುತು ಬಂತು. ತುಳಸಿ ಲಗ್ನವಾದರೆ ಮದುವೆಗಳು ಸುರುವಾಗುತ್ತವೆ, ಅಷ್ಟರಲ್ಲಿ ಎಲ್ಲ ನೆಟ್ಟಗಿರಲಿ ಎಂದು ಸುಂದರ ಬಟನ್ ಒತ್ತಿದ. ಒತ್ತಿ ಸುಮ್ಮನಿರಲಿಲ್ಲ, ಪರೀಕ್ಷೆಯನ್ನೂ ಮಾಡಿದ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ಅವನನ್ನು ಬೇಜವಾಬ್ದಾರಿ ಎಂದವರಿಗೆ ಅವನ ಕಾಲಧೂಳಿನಷ್ಟೂ ಜವಾಬ್ದಾರಿ ಇರಲಿಲ್ಲ.

ಫಾರ್ಮ್ ತೆರೆದ. ವರನ ಹೆಸರು ಎಂಬಲ್ಲಿ ಬೆರಳಿಟ್ಟ. ಕನ್ನಡದಲ್ಲಿ ಏನು ಬರೆಯಬೇಕು? ಇಲ್ಲದ ವರ, ಇಲ್ಲದ ವಧು. ಗೂಳಪ್ಪನವರು ಸತ್ತು ಐದು ವರ್ಷವಾದರೂ ಬೆರಳು ಏಳಲಿಲ್ಲ. ಇಂಗ್ಲಿಷಿನಲ್ಲಿ 'ಟೆಸ್ಟ್' ಎಂದು ಹೊಡೆದ. ವರ ಟೆಸ್ಟ್, ವಧು ಟೆಸ್ಟ್, ಕಲ್ಯಾಣಮಂಟಪ ಟೆಸ್ಟ್. ಇದರಿಂದ ಯಾರ ಲಗ್ನವೂ ಮುರಿಯದು ಎಂದು ಸಮಾಧಾನಪಟ್ಟು ಕಳಿಸಿದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮೇಲ್ ಬಂತು. ಸುಂದರ ಕೈಮುಗಿದು ಎದ್ದ.

ಹೊಸ ಫಾರ್ಮಿಗೂ ಹಳೆಯ ಕನ್ನಡ ಪ್ಲಗಿನ್ನಿಗೂ ಕೂಡಿಬರಲಿಲ್ಲವೆಂಬುದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಇಂಗ್ಲಿಷಿನಲ್ಲಿ ಬರೆದದ್ದು ಬರುತ್ತಿತ್ತು. ಕನ್ನಡದಲ್ಲಿ ಬರೆದದ್ದು ಮೇಲ್ ಆಗಿ ಬರುತ್ತಿರಲಿಲ್ಲ, ಸೈಟಿನಲ್ಲೂ ಉಳಿಯುತ್ತಿರಲಿಲ್ಲ. ಕಳಿಸಿದವರಿಗೆ ಮಾತ್ರ ಪರದೆಯ ಮೇಲೆ ತಲುಪಿತೆಂಬ ಉತ್ತರ ಮೂಡುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಈ ಪೂಜಾರಿ ಅದಕ್ಕಿಂತ ಕಡೆ. ಕೊಟ್ಟೆನೆಂದು ನಂಬಿಸಿದ.

ತುಳಸಿ ಲಗ್ನವಾಯಿತು. ಒಂದೂ ಆರ್ಡರಿಲ್ಲ. ಪೇಟೆ ಬಿದ್ದಿದೆ, ಜನ ಕೈ ಬಿಗಿಹಿಡಿದಿದ್ದಾರೆ ಎಂದುಕೊಂಡ ಸುಂದರ. ಮಾರ್ಗಶಿರವೂ ಹಾಗೇ ಹೋಯಿತು. ಈಗಿನ ಹುಡುಗರಿಗೆ ಇಂಗ್ಲಿಷ್ ಕಾರ್ಡೇ ಬೇಕು ಎಂದುಕೊಂಡ. ದಿನವೂ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಂಪ್ಯೂಟರಿನ ಮುಂದೆ ಕೂತು ಮೇಲ್ ನೋಡುವನು.

"ಒಂದಿಬ್ಬರಿಗೆ ಫೋನರೆ ಹಚ್ಚಿ ಕೇಳ್ರಿ," ಎಂದಳು ರೇಣು.

"ಕೇಳಿ ತಿಂದ್ರ ಅದು ಭಿಕ್ಷಾ ಆಗ್ತದ," ಎಂದ.

ಚಿಂಚವಡದಲ್ಲಿ ಒಂದು ಮದುವೆಗೆ ಹೋದಾಗ ಚಾಕಣದ ಅವ್ವಣ್ಣ ಎದುರಾದ. ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಜರ್. ಅವನ ಹಿರಿಯ ಮಗಳ ಪತ್ರಿಕೆಯನ್ನು ಸುಂದರನೇ ಮಾಡಿದ್ದ, ಅಂದು ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದಿದ್ದ ಮನುಷ್ಯ. ಈಗ ಮುಖ ತಿರುಗಿಸಿದ. ಸುಂದರನಿಗೆ ಮೈಯೆಲ್ಲ ಉರಿಯಿತು, ತಾನೂ ತಿರುಗಿಸಿದ. ಇಬ್ಬರೂ ಊಟಕ್ಕೆ ಬೇರೆ ಬೇರೆ ಪಂಕ್ತಿಯಲ್ಲಿ ಕೂತರು.

ಮಾಘ ಮಾಸದ ಒಂದು ಭಾನುವಾರ ಶಿವಪುತ್ರಪ್ಪ ಮಗಳು ಶೈಲಾಳನ್ನು ಕರೆದುಕೊಂಡು ಬಂದರು. ಮದುವೆಗೆ ಕರೆಯಲು. ರೇಣುವಿಗೆ ಕುಂಕುಮ ಹಚ್ಚಿದ್ದಾಯಿತು, ಅಕ್ಷತೆಯ ಜೊತೆ ಪತ್ರಿಕೆಯನ್ನು ಸುಂದರನ ಕೈಯಲ್ಲಿಟ್ಟದ್ದೂ ಆಯಿತು. ಕೆಂಪು ಬಣ್ಣದ ದಪ್ಪ ಪತ್ರಿಕೆ. ಅದನ್ನು ತಾನು ಮಾಡಿಲ್ಲ. ಸುಂದರನಿಗೆ ಅಳು ಬಂದಂತಾಯಿತು. ಅಳುವ ಗಂಡಸಿನ ಬಾಯಿಂದ ಬರುವುದು ಕೊಂಕು ಮಾತೇ.

"ಕಾರ್ಡ ಚಂದ ಆಗ್ಯಾವ್ರಿ ಅಣ್ಣಾರ. ಭಾಳ ದೊಡ್ಡವರ ಕೈಲೆ ಮಾಡಿಸೀರಿ."

ಶಿವಪುತ್ರಪ್ಪ ಚಹದ ಬಸಿ ಕೆಳಗಿಟ್ಟರು. "ಏನ್ ಮಾಡೋದ್ರಿ. ನೀವ ಉತ್ತರಾ ಕೊಡಲಿಲ್ಲ. ಗಾದಿ ಮಾತ ಆಡಿದ್ದಕ್ಕ ಇನ್ನೂ ಸಿಟ್ಟಿರಬೇಕು ಅಂತ ನಾವೂ ಸುಮ್ಮನಾದ್ವಿ."

"ಉತ್ತರಾ? ಯಾವದಕ್ಕ?"

"ಮಾಮಾ, ನಾನ ಎರಡ ಸಲ ಕಳಿಸಿದ್ನಲ್ಲ," ಎಂದಳು ಶೈಲಾ. "ನಿಮ್ಮ ಸೈಟಿನ್ಯಾಗ, ಕನ್ನಡದಾಗ. ಎಲ್ಲಾರ ಹೆಸರೂ ಬರದಿದ್ದೆ. ತಲುಪಿದೆ ಅಂತ ಬಂತು."

ಸುಂದರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತಿದ್ದವನು ಕೂತ. ಶಿವಪುತ್ರಪ್ಪ ಅವನ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು. "ಹೋಗ್ಲಿ ಬಿಡ್ರಿ, ಮಷೀನ್ ಅಂದ ಮ್ಯಾಲ ಕೆಡೂದ," ಎಂದರು. ಗಾದಿಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಸುಂದರನಿಗೆ ಕೋಪವಾದರೂ ಬರುತ್ತಿತ್ತು.

ಅವರು ಹೋದ ಮೇಲೆ ಅವನು ಸ್ವಪ್ನಿಲ್‌ನ ನಂಬರ್ ಹಚ್ಚಿದ. ಆ ನಂಬರ್ ಈಗ ಇಲ್ಲವೆಂದು ಮರಾಠಿಯಲ್ಲಿ ಒಂದು ಹೆಣ್ಣುದನಿ ಹೇಳಿತು. ಫಾರ್ಮ್ ತೆರೆದು ಕೂತ. ಕನ್ನಡದಲ್ಲಿ ಬರೆದು ನೋಡದ ಹೊರತು ಖಾತ್ರಿಯಾಗದು. ಮತ್ತೆ ವರನ ಹೆಸರು ಎಂಬಲ್ಲಿ ಬೆರಳು ನಿಂತಿತು.

ರೇಣು ಹಿಂದೆ ಬಂದು ನಿಂತಿದ್ದಳು. "ಯಾಕ್ರಿ?"

ಯಾಕೆಂದು ಹೇಳಿದ. ಅವಳು ಪರದೆಯತ್ತ ಬಾಗಿದಳು.

"ನಮ್ಮಿಬ್ಬರ ಹೆಸರ ಹಾಕ್ರಿ. ನಮ್ಮ ಲಗ್ನ ಆಗೇದಲ್ಲ, ಸುಳ್ಳೇನ್ ಅದು?"

ಸುಂದರ ತಿರುಗಿ ಅವಳನ್ನು ನೋಡಿದ. ಗಣಪತಿಯಿಂದ ಮಾಘದವರೆಗೆ ಅವಳು ಇದೇ ಖೋಲಿಯಲ್ಲಿ ರೊಟ್ಟಿ ಬಡಿಯುತ್ತ, ಅಕ್ಕಿ ಆರಿಸುತ್ತ ಇದ್ದಳು. ಅವಳನ್ನು ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇಲ್ಲಿ ಬುದ್ಧಿ ಬಂದದ್ದೂ ಅವನಿಗಲ್ಲ.

ವರ ಸುಂದರ, ವಧು ರೇಣುಕಾ ಎಂದು ಬರೆದ. ಇಬ್ಬರ ತಂದೆತಾಯಿಗಳ ಹೆಸರು ಬರೆದ. ತೀರಿಕೊಂಡವರ ಹೆಸರಿಗೆ ಮೊದಲು, ಲಿಂಗೈಕ್ಯರೆಂದು, 'ಲಿಂ.' ಹಾಕಿದ. ಕಳಿಸಿದ. ಪರದೆಯ ಮೇಲೆ ಅವನೇ ಹಿಂದೆ ಬರೆದಿಟ್ಟಿದ್ದ ಸಾಲು ಮೂಡಿತು: ನಿಮ್ಮ ಆರ್ಡರ್ ತಲುಪಿದೆ, ಎರಡು ದಿನದೊಳಗೆ ಪ್ರೂಫ್ ಕಳಿಸುತ್ತೇವೆ, ನಮ್ಮನ್ನು ನೆನೆದದ್ದಕ್ಕೆ ಧನ್ಯವಾದ. ಮೇಲ್ ತೆರೆದು ಇಬ್ಬರೂ ಕಾದರು. ಹೊರಗೆ ಬಿಸಿಲು ಇಳಿಯಿತು. ಏನೂ ಬರಲಿಲ್ಲ.

"ಪಾಪ, ಎಷ್ಟ ಮನಿಯವರು ಹಿಂಗ ಹಾದಿ ನೋಡಿದ್ರೋ," ಎಂದಳು ರೇಣು.

ಅದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಯಾರು ಬರೆದರು, ಯಾವ ಊರಿನಿಂದ, ಯಾರ ಮಗಳಿಗೆ? ಒಂದು ಮುಖ ಮಾತ್ರ ನೆನಪಾಯಿತು. ಅವ್ವಣ್ಣನಿಗೆ ಫೋನ್ ಹಚ್ಚಿದ. ಸೈಟ್ ಕೆಟ್ಟಿತ್ತು, ನನಗೆ ಏನೂ ಮುಟ್ಟಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ.

"ಮುಟ್ಟೇದ ಅಂತ ಬರದಿತ್ತಲ್ರಿ," ಎಂದ ಅವ್ವಣ್ಣ. ಸಿಟ್ಟಿನಿಂದಲ್ಲ, ಬೇಸರದಿಂದ. "ನಮ್ಮಾಕಿ ನಿಮ್ಮ ಕೈಲೇ ಆಗಬೇಕು ಅಂತ ಹಟಾ ಹಿಡಿದಿದ್ಲು. ಎರಡನೇ ಮಗಳದರಿ. ಫೋನ್ ಬ್ಯಾಡ, ಸೈಟಿನ್ಯಾಗ ಬರ್ರಿ ಅಂದಿದ್ರಿ ನೀವು, ಅದಕ್ಕ ಕಾದ್ವಿ, ಕಾದ್ವಿ. ಕಡೀಕ ದಿನಾ ಉಳಿಲಿಲ್ಲ, ಕಾರ್ಡ ಇಲ್ಲದನ ಎಲ್ಲಾರಿಗೂ ಬಾಯಲೆ ಹೇಳಿದ್ವಿ. ಇರ್ಲಿ ಬಿಡ್ರಿ, ಲಗ್ನ ಆತು."

"ತಪ್ಪಾತ್ರಿ," ಎಂದ ಸುಂದರ.

"ಇರ್ಲಿ ಬಿಡ್ರಿ," ಎಂದು ಅವ್ವಣ್ಣ ಇನ್ನೊಮ್ಮೆ ಹೇಳಿ ಫೋನ್ ಇಟ್ಟ.

ಆ ಕನ್ನಡದ ಪ್ಲಗಿನ್ ತೆಗೆದರೆ ಫಾರ್ಮ್ ಸರಿಹೋದೀತು, ಆದರೆ ಕನ್ನಡ ಬರದು. ಕನ್ನಡ ಬರದಿದ್ದರೆ ಅವನ ಹತ್ತಿರ ಯಾಕೆ ಬರಬೇಕು? ಇನ್ನು ಬಂದವರಿಗಾದರೂ ಏನೆಂದು ಭರವಸೆ ಕೊಡಬೇಕು? ಸುಂದರ ಕಂಪ್ಯೂಟರ್ ಆರಿಸಿದ. ಫೋನನ್ನು ರೇಣುವಿನ ಕಡೆ ಚಾಚಿದ.

"ನಿಮ್ಮಣ್ಣಾಗ ಹಚ್ಚು. ಲಗ್ನ ಮುಗದ ಮ್ಯಾಲ ಅಂಗಡಿಗೆ ಬರ್ತೇನಿ ಅಂತ ಹೇಳು."

"ನೀವ ಹೇಳ್ರಿ," ಎಂದಳು ಅವಳು.

"ನನ್ನ ಕೈಲೆ ಆಗೂದಿಲ್ಲ, ರೇಣು," ಎಂದ.